ಒಂದೇ ಪಂಕ್ತಿ, ಎರಡು ತಟ್ಟೆ: ಬಿಸಿಯೂಟದ ಮೊಟ್ಟೆಗೆ ಅಡ್ಡ ಬರುವುದು ಏನು?

2025ರ ಜುಲೈನಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆ ಗ್ರಾಮದ ಸರ್ಕಾರಿ ಶಾಲೆ ದಿಢೀರನೆ ಸುದ್ದಿಯಾಯಿತು. ಶಾಲೆಯ ಪಕ್ಕದಲ್ಲೇ ವೀರಭದ್ರೇಶ್ವರ ದೇವಸ್ಥಾನವಿದೆ, ಆದ್ದರಿಂದ ಬಿಸಿಯೂಟದ ಅಡುಗೆಮನೆಯಲ್ಲಿ ಮೊಟ್ಟೆ ಬೇಯಿಸಬಾರದು ಎಂದು ಒಂದು ಗುಂಪಿನ ಪೋಷಕರು ಪಟ್ಟು ಹಿಡಿದರು. ಮೊಟ್ಟೆ ಬೇಕಾದ ಮಕ್ಕಳಿಗೆ ಮನೆಗೇ ಕೊಟ್ಟುಬಿಡಿ, ಶಾಲೆಯಲ್ಲಿ ಬಾಳೆಹಣ್ಣು, ಚಿಕ್ಕಿ ಸಾಕು ಎಂಬುದು ಅವರ ಬೇಡಿಕೆ. ಸರ್ಕಾರದ ಆದೇಶ ಇರುವಂತೆ ಶಾಲೆಯಲ್ಲೇ ಮೊಟ್ಟೆ ಕೊಡಿ ಎನ್ನುವ ಪೋಷಕರೂ ಅದೇ ಊರಿನಲ್ಲಿದ್ದರು. ಶಾಲೆ ಆದೇಶ ಪಾಲಿಸಲು ಹೊರಟಾಗ ಮೊದಲ ಗುಂಪು ಮಕ್ಕಳ ಟಿಸಿ ಪಡೆದು ಬೇರೆ ಶಾಲೆಗಳ ದಾರಿ ಹಿಡಿಯಿತು.

ಈ ಸುದ್ದಿ ಓದಿದ ಅನೇಕರಿಗೆ ಒಂದು ವಿಷಯ ಅರ್ಥವಾಗಲಿಲ್ಲ. ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕಡ್ಡಾಯವಲ್ಲ. ಬೇಡ ಎಂದ ಮಗುವಿಗೆ ಬಾಳೆಹಣ್ಣು ಸಿಗುತ್ತದೆ, ಆಗ ಶೇಂಗಾ ಚಿಕ್ಕಿಯೂ ಸಿಗುತ್ತಿತ್ತು. ನನ್ನ ಮಗನ ತಟ್ಟೆಗೆ ಮೊಟ್ಟೆ ಬೀಳುವುದೇ ಇಲ್ಲ ಎಂದ ಮೇಲೆ ಪಕ್ಕದವನ ತಟ್ಟೆಯ ಮೊಟ್ಟೆ ನನ್ನನ್ನು ಕಾಡುವುದು ಏಕೆ? ಇನ್ನೂ ವಿಚಿತ್ರವೆಂದರೆ, ಮನೆಗೆ ಕೊಡಿ ಎಂದವರು ಮೊಟ್ಟೆ ತಿನ್ನುವುದನ್ನೇ ವಿರೋಧಿಸಲಿಲ್ಲ. ಎಲ್ಲಿ ಬೇಯುತ್ತದೆ, ಯಾರ ಕಣ್ಣೆದುರು ತಿನ್ನಲಾಗುತ್ತದೆ ಎಂಬುದಷ್ಟೇ ಅವರ ತಕರಾರು.

ಪೌಷ್ಟಿಕತೆಯ ಪಟ್ಟಿ ಹಿಡಿದು ಕೂತರೆ ಈ ಒಗಟು ಬಿಡಿಸಲಾಗದು. ಆಹಾರ, ಅಸಹ್ಯ, ಜಾತಿ, ಗುಂಪಿನ ಒತ್ತಡ ಇವುಗಳ ಬಗ್ಗೆ ಮನೋವಿಜ್ಞಾನಿಗಳು ಕಳೆದ ಕೆಲವು ದಶಕಗಳಲ್ಲಿ ಮಾಡಿರುವ ಕೆಲಸ ಇಲ್ಲಿ ನೆರವಿಗೆ ಬರುತ್ತದೆ. ಅದರಲ್ಲಿ ಒಂದು ಮುಖ್ಯ ಅಧ್ಯಯನಕ್ಕೆ ಧಾರವಾಡದ ನಂಟೂ ಇದೆ.

ಇಲ್ಲಿಯವರೆಗಿನ ದಾರಿ

ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಮತ್ತು 8ರಿಂದ 12 ಗ್ರಾಂ ಪ್ರೋಟೀನ್ ಇರಬೇಕು ಎಂದು ಸುಪ್ರೀಂ ಕೋರ್ಟ್ 2001ರ ನವೆಂಬರ್ 28ರಂದು ಆದೇಶಿಸಿತು. ಮರುವರ್ಷ ಕರ್ನಾಟಕ ಉತ್ತರದ ಜಿಲ್ಲೆಗಳಿಂದ ಬಿಸಿಯೂಟ ಆರಂಭಿಸಿ, ನಂತರ ಇಡೀ ರಾಜ್ಯಕ್ಕೆ ವಿಸ್ತರಿಸಿತು. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರ ಪರಂಪರೆಯಲ್ಲಿ ದಾಸೋಹವೆಂದರೆ ಬಂದವರು ಯಾರೆಂದು ಕೇಳದೆ ಬಡಿಸುವುದು. ಮುಂದಿನ ಎರಡು ದಶಕ ನಡೆದದ್ದು ಬಹುಮಟ್ಟಿಗೆ ಯಾರಿಗೆ ಏನು ಬಡಿಸಬೇಕೆಂಬ ಚರ್ಚೆ ಎಂಬುದನ್ನು ನೋಡಿದರೆ ಹೆಸರು ಸ್ವಲ್ಪ ಚುಚ್ಚುತ್ತದೆ.

ಪಕ್ಕದ ತಮಿಳುನಾಡು 1989ರಲ್ಲೇ ಶಾಲೆಯ ಊಟಕ್ಕೆ ಮೊಟ್ಟೆ ಸೇರಿಸಿತ್ತು. ಕರ್ನಾಟಕದಲ್ಲಿ ಪ್ರಸ್ತಾಪ ಹಲವು ಬಾರಿ ಬಂದು, ವಿರೋಧ ಎದ್ದೊಡನೆ ಕಪಾಟು ಸೇರುತ್ತಿತ್ತು. ಕೊನೆಗೆ 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರದಲ್ಲಿ, ಪ್ರಯೋಗವಾಗಿ ಮೊಟ್ಟೆ ಕೊಡತೊಡಗಿದರು. ಕೆಲವು ಮಠಾಧೀಶರು, ಸಸ್ಯಾಹಾರಿ ಸಂಘಟನೆಗಳು ಬೀದಿಗಿಳಿದವು. ಕೊಪ್ಪಳ ಜಿಲ್ಲೆಯ ವಿದ್ಯಾರ್ಥಿನಿಯೊಬ್ಬಳು ಇಲ್ಲಿ ಮೊಟ್ಟೆ ನಿಲ್ಲಿಸಿದರೆ ನಿಮ್ಮ ಮಠಕ್ಕೇ ಬಂದು ತಿನ್ನುತ್ತೇವೆ ಎಂದು ಮೈಕ್ ಹಿಡಿದು ಗುಡುಗಿದ ವಿಡಿಯೊ ರಾಜ್ಯವೆಲ್ಲ ಸುತ್ತಾಡಿತು. ಆಯ್ಕೆ ಕೊಟ್ಟಾಗ ಬಹುಪಾಲು ಮಕ್ಕಳು ಮೊಟ್ಟೆಯನ್ನೇ ಕೇಳಿದರು. ಮುಂದೆ ಯೋಜನೆ ಇಡೀ ರಾಜ್ಯಕ್ಕೆ ಬಂತು. 2024ರ ಜುಲೈನಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಸರ್ಕಾರದೊಂದಿಗೆ ಒಪ್ಪಂದ ಮಾಡಿಕೊಂಡಿತು. ವಾರಕ್ಕೆ ಎರಡು ದಿನ ಸಿಗುತ್ತಿದ್ದ ಮೊಟ್ಟೆ ಅದೇ ವರ್ಷ ಆರು ದಿನಕ್ಕೆ ಏರಿತು.

ಎರಡು ದಿನದ ಮೊಟ್ಟೆಯನ್ನು ಹೇಗೋ ಸುಧಾರಿಸಬಹುದು. ಅಂದು ಕೆಲವು ಮಕ್ಕಳು ರಜೆ ಹಾಕುತ್ತಾರೆ, ಕೆಲವು ಊರುಗಳಲ್ಲಿ ಸದ್ದಿಲ್ಲದೆ ಒಳ ಒಪ್ಪಂದಗಳಾಗುತ್ತವೆ. ಆರು ದಿನವೂ ಮೊಟ್ಟೆ ಎಂದಾಗ ಆ ಹೊಂದಾಣಿಕೆಗೆ ಜಾಗವೇ ಉಳಿಯುವುದಿಲ್ಲ.

ಮೊಟ್ಟೆಯಿಂದ ಏನಾಗುತ್ತದೆ, ಏನಾಗುವುದಿಲ್ಲ

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು (2019–21) ಹೇಳುವಂತೆ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4 ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು, ಶೇ 32.9 ಮಂದಿ ವಯಸ್ಸಿಗೆ ತಕ್ಕ ತೂಕವಿಲ್ಲದವರು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ. ಇವರೇ ಮುಂದೆ ಶಾಲೆಯ ಪಂಕ್ತಿಗೆ ಬಂದು ಕೂರುವವರು.

ಮೊಟ್ಟೆಯ ಪರವಾಗಿ ಹೆಚ್ಚು ಉಲ್ಲೇಖವಾಗುವ ಸ್ಥಳೀಯ ದಾಖಲೆ ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯದ ಅಧ್ಯಯನ. ಮೊಟ್ಟೆ ಕೊಡುತ್ತಿದ್ದ ಯಾದಗಿರಿಯನ್ನೂ ಕೊಡದಿದ್ದ ಗದಗವನ್ನೂ ಹೋಲಿಸಿ ಅದು 2022ರಲ್ಲಿ ವರದಿ ನೀಡಿತು. ಯಾದಗಿರಿಯ ಎಂಟನೇ ತರಗತಿಯ ಹುಡುಗಿಯರ ತೂಕ ಗಳಿಕೆ ಗದಗಿನವರಿಗಿಂತ ಶೇ 71ರಷ್ಟು ಹೆಚ್ಚಿತ್ತು ಎಂಬುದು ಅದರ ಪ್ರಮುಖ ಅಂಶ. ಈ ಅಂಕಿಯನ್ನು ಅನೇಕರು ತಪ್ಪಾಗಿ ಓದಿದರು. ಹುಡುಗಿಯರ ತೂಕ ಶೇ 71ರಷ್ಟು ಏರಿತು ಎಂದಲ್ಲ. ಗದಗಿನ ಹುಡುಗಿ ಒಂದು ಕಿಲೊ ಗಳಿಸಿದ್ದರೆ ಯಾದಗಿರಿಯ ಹುಡುಗಿ ಅಷ್ಟೇ ಅವಧಿಯಲ್ಲಿ ಒಂದೂ ಮುಕ್ಕಾಲು ಕಿಲೊದ ಹತ್ತಿರ ಗಳಿಸಿದಂತೆ. ಮೊದಲೇ ಹೆಚ್ಚು ಬಡಕಲಾಗಿದ್ದ ಮಕ್ಕಳು ಆಹಾರ ಸಿಕ್ಕಾಗ ಬೇಗ ಚೇತರಿಸಿಕೊಳ್ಳುವುದೂ ಉಂಟು. ಎರಡು ಜಿಲ್ಲೆಗಳ ನಡುವಿನ ಎಲ್ಲ ವ್ಯತ್ಯಾಸವನ್ನೂ ಮೊಟ್ಟೆಯ ಖಾತೆಗೇ ಬರೆಯಲಾಗದು.

ಹೊರದೇಶಗಳ ಫಲಿತಾಂಶಗಳೂ ಎಚ್ಚರ ಹೇಳುತ್ತವೆ. ಈಕ್ವೆಡಾರ್‌ನಲ್ಲಿ ಹಸುಗೂಸುಗಳಿಗೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟಾಗ ಕುಂಠಿತ ಬೆಳವಣಿಗೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು ಎಂದು 2017ರಲ್ಲಿ ಪ್ರಕಟವಾಯಿತು. ಅದೇ ಬಗೆಯ ಪ್ರಯೋಗ ಆಫ್ರಿಕಾದ ಮಲಾವಿಯಲ್ಲಿ ನಡೆದಾಗ ಉದ್ದದಲ್ಲಿ ಹೇಳಿಕೊಳ್ಳುವಂತಹ ಬದಲಾವಣೆ ಕಾಣಲಿಲ್ಲ. ಅಲ್ಲಿನ ಕೂಸುಗಳಿಗೆ ಮೀನು ಮೊದಲಿನಿಂದಲೂ ಸಿಗುತ್ತಿತ್ತು. ಒಳ್ಳೆಯ ಪ್ರೋಟೀನ್ ಇಲ್ಲದ ಕಡೆ ಮೊಟ್ಟೆ ಕೆಲಸ ಮಾಡುತ್ತದೆ, ಇರುವ ಕಡೆ ಅಷ್ಟಾಗಿ ಮಾಡುವುದಿಲ್ಲ ಎಂದು ಇದನ್ನು ಓದಬಹುದು. ರಕ್ತಹೀನತೆಗಂತೂ ಅದು ನೇರ ಮದ್ದಲ್ಲ, ಮೊಟ್ಟೆಯ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ.

ಹಾಗಾದರೆ ಮೊಟ್ಟೆಗೇ ಏಕೆ ಇಷ್ಟು ಒಲವು? ಒಂದರಲ್ಲಿ ಸುಮಾರು ಆರು ಗ್ರಾಂ ಉತ್ತಮ ಪ್ರೋಟೀನ್ ಇದೆ, ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಆಸುಪಾಸು. ಚಿಕ್ಕಿಯಲ್ಲಿ ಪ್ರೋಟೀನ್ ಇದ್ದರೂ ಬಿ12 ಜೀವಸತ್ವವಿಲ್ಲ, ಆದರೆ ಕ್ಷೀರಭಾಗ್ಯದ ಹಾಲಿನಲ್ಲಿ ಇದೆ ಎಂಬುದನ್ನು ಮೊಟ್ಟೆಯ ಪರ ವಾದಿಸುವವರು ಮರೆಯಬಾರದು. ಅಡುಗೆಮನೆ ಬಲ್ಲವರು ಹೇಳುವ ಕಾರಣ ಬೇರೆ. ಬೇಳೆ ಕಡಿಮೆ ಹಾಕಿ ಸಾರು ತೆಳ್ಳಗೆ ಮಾಡಬಹುದು, ಹಾಲಿಗೆ ನೀರು ಬೆರೆಸಬಹುದು, ಮೊಟ್ಟೆಗೆ ಏನನ್ನೂ ಬೆರೆಸಲಾಗದು. ನೂರು ಮಕ್ಕಳಿದ್ದರೆ ನೂರು ಮೊಟ್ಟೆ. ಒಂದು ಕಡಿಮೆಯಾದರೂ ಎರಡನೇ ತರಗತಿಯ ಮಗುವೇ ಎಣಿಸಿ ಹೇಳುತ್ತದೆ.

ಕರುಣೆಯ ಸಸ್ಯಾಹಾರ, ಮಡಿಯ ಸಸ್ಯಾಹಾರ

ಮನೋವಿಜ್ಞಾನದ ಜ್ಞಾನದಲ್ಲಿ ಬಹುಪಾಲು ಪಶ್ಚಿಮದ ಕಾಲೇಜು ವಿದ್ಯಾರ್ಥಿಗಳ ಮೇಲಿನ ಪ್ರಯೋಗಗಳಿಂದ ಬಂದದ್ದು. ಪ್ರಮುಖ ನಿಯತಕಾಲಿಕಗಳ ಅಧ್ಯಯನಗಳಲ್ಲಿ ಶೇ 96ರಷ್ಟು ಮಾದರಿಗಳು ಜಗತ್ತಿನ ಶೇ 12ರಷ್ಟು ಜನಸಂಖ್ಯೆಯ ದೇಶಗಳಿಗೆ ಸೇರಿದವು ಎಂದು 2010ರಲ್ಲಿ ಲೆಕ್ಕ ಮುಂದಿಟ್ಟವರಲ್ಲಿ ಕೆನಡಾದ ಮನೋವಿಜ್ಞಾನಿ ಸ್ಟೀವನ್ ಹೈನೆ ಒಬ್ಬರು. ಅದೇ ಹೈನೆ, ಮ್ಯಾಥ್ಯೂ ರೂಬಿ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಷಣ್ಮುಖ ಕಾಂಬಳೆ ಮೊದಲಾದವರು ಸೇರಿ 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸಸ್ಯಾಹಾರಿ ಎಂಬ ಪದಕ್ಕೆ ಎಲ್ಲೆಡೆ ಒಂದೇ ಅರ್ಥವೇ ಎಂಬುದು ಅವರ ಪ್ರಶ್ನೆ.

ಇಲ್ಲ ಎಂಬುದು ಉತ್ತರ. ಪಶ್ಚಿಮದ ಸಸ್ಯಾಹಾರಿಗಳು ತಮ್ಮ ಸುತ್ತಲಿನ ಮಾಂಸಾಹಾರಿಗಳಿಗಿಂತ ಪ್ರಾಣಿಗಳ ನೋವು, ಪರಿಸರದ ಹಾನಿ ಇವುಗಳ ಬಗ್ಗೆ ಹೆಚ್ಚು ಚಿಂತಿಸುತ್ತಿದ್ದರು. ಭಾರತದಲ್ಲಿ ಈ ವಿಷಯಗಳಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಇಲ್ಲಿ ವ್ಯತ್ಯಾಸ ಎದ್ದು ಕಂಡದ್ದು ಬೇರೆ ಕಡೆ: ಮಾಂಸ ತಿಂದರೆ ಮೈಲಿಗೆ ಎಂಬ ನಂಬಿಕೆಯಲ್ಲಿ, ಶುದ್ಧಿಗೆ, ಹಿರಿಯರ ಮಾತಿಗೆ, ತಮ್ಮವರ ಗುಂಪಿಗೆ ಕೊಡುವ ಬೆಲೆಯಲ್ಲಿ. ಒಂದು ಕಡೆ ಸಸ್ಯಾಹಾರ ಒಬ್ಬ ವ್ಯಕ್ತಿ ಬೆಳೆದ ಮೇಲೆ ಕೈಗೊಳ್ಳುವ ತೀರ್ಮಾನ. ಇನ್ನೊಂದು ಕಡೆ ಅದು ಹುಟ್ಟಿನೊಂದಿಗೆ ಬರುವ ಮನೆತನದ ಗುರುತು. ಪ್ರಾಣಿದಯೆಯಿಂದ ಸಸ್ಯಾಹಾರಿಗಳಾದವರು ನಮ್ಮಲ್ಲಿಯೂ ಇದ್ದಾರೆ, ಜೈನರ ಅಹಿಂಸೆಯ ಪರಂಪರೆ ದೊಡ್ಡದು. ಒಟ್ಟು ಲೆಕ್ಕದಲ್ಲಿ ತಕ್ಕಡಿ ಎತ್ತ ವಾಲುತ್ತದೆ ಎಂಬುದನ್ನಷ್ಟೇ ಈ ಅಧ್ಯಯನ ಹೇಳುತ್ತದೆ.

ಆಲಕೆರೆಯ ಒಗಟಿನ ಮೊದಲ ಗಂಟು ಇಲ್ಲಿ ಸಡಿಲಾಗುತ್ತದೆ. ದಯೆಯ ಕಾರಣಕ್ಕೆ ಮೊಟ್ಟೆ ಬೇಡ ಎನ್ನುವವನಿಗೆ ಮೊಟ್ಟೆ ಶಾಲೆಯಲ್ಲಿ ಬೆಂದರೂ ಮನೆಯಲ್ಲಿ ಬೆಂದರೂ ಒಂದೇ. ಮೈಲಿಗೆಯ ಕಾರಣಕ್ಕೆ ಬೇಡ ಎನ್ನುವವನಿಗೆ ಜಾಗವೇ ಎಲ್ಲ. ಯಾವ ಒಲೆ, ಯಾವ ಪಾತ್ರೆ, ಯಾರ ಕೈ, ಗುಡಿಯಿಂದ ಎಷ್ಟು ದೂರ ಎಂಬುದೇ ಅವನ ಪ್ರಶ್ನೆ.

ಮೈಲಿಗೆಯ ಭಾವ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅಮೆರಿಕದ ಮನೋವಿಜ್ಞಾನಿ ಪಾಲ್ ರೋಜಿನ್ 1980ರ ದಶಕದಲ್ಲೇ ತೋರಿಸಿದ್ದರು. ಪೂರ್ತಿ ಕ್ರಿಮಿರಹಿತಗೊಳಿಸಿದ ಸತ್ತ ಜಿರಳೆಯನ್ನು ಹಣ್ಣಿನ ರಸಕ್ಕೆ ಒಮ್ಮೆ ಅದ್ದಿ ತೆಗೆದರು. ಅದರಿಂದ ಯಾವ ಅಪಾಯವೂ ಇಲ್ಲ ಎಂದು ಗೊತ್ತಿದ್ದವರೂ ಆ ರಸ ಕುಡಿಯಲು ಒಪ್ಪಲಿಲ್ಲ. ಒಮ್ಮೆ ತಾಗಿದರೆ ಸಾಕು, ತಾಗಿದ್ದು ಎಂದಿಗೂ ಹೋಗುವುದಿಲ್ಲ ಎಂಬ ಭಾವ ಇದು. ಎಂಜಲು, ಮುಸುರೆ, ಮಡಿ, ಮೈಲಿಗೆ ಎಂದು ಇಷ್ಟೊಂದು ಪದ ಇಟ್ಟುಕೊಂಡಿರುವ ನಮಗೆ ಇದನ್ನು ಜಿರಳೆ ಅದ್ದಿ ವಿವರಿಸಬೇಕಾಗಿಲ್ಲ. ಪ್ರಯೋಗ ಮನವರಿಕೆ ಮಾಡುವುದು ಇನ್ನೊಂದು ಸಂಗತಿಯನ್ನು: ಈ ಭಾವಕ್ಕೆ ಮಾಹಿತಿ ಮದ್ದಲ್ಲ. ಮೊಟ್ಟೆಯ ಪ್ರೋಟೀನ್ ಎಷ್ಟು ಎಂದು ಶಾಲೆಯ ಗೋಡೆಯ ಮೇಲೆ ಎಷ್ಟು ದೊಡ್ಡದಾಗಿ ಬರೆಸಿದರೂ ಮೈಲಿಗೆ ಎಂದುಕೊಂಡವನ ಮನಸ್ಸು ಬದಲಾಗದು, ಏಕೆಂದರೆ ಅವನ ತಕರಾರು ಪ್ರೋಟೀನಿನದಲ್ಲ.

ರೋಜಿನ್ ಮತ್ತು ಸಂಗಡಿಗರು 1997ರಲ್ಲಿ ಇನ್ನೊಂದನ್ನೂ ಗಮನಿಸಿದರು. ಆರೋಗ್ಯಕ್ಕಾಗಿ ಮಾಂಸ ಬಿಟ್ಟವರಿಗಿಂತ ನೈತಿಕ ಕಾರಣಕ್ಕೆ ಬಿಟ್ಟವರಿಗೆ ಅದರ ಬಗ್ಗೆ ಅಸಹ್ಯ ಹೆಚ್ಚು. ಒಂದು ಆಹಾರ ರುಚಿಯ ವಿಷಯವಾಗಿದ್ದಷ್ಟು ಕಾಲ ಪಕ್ಕದವನು ಏನು ತಿಂದರೂ ನಡೆಯುತ್ತದೆ. ಅದು ಸರಿ-ತಪ್ಪಿನ ವಿಷಯವಾದ ಗಳಿಗೆಯಿಂದ ಪಕ್ಕದವನ ತಟ್ಟೆಯೂ ನಮ್ಮ ವಿಚಾರಣೆಗೆ ಒಳಪಡುತ್ತದೆ. ಹಾಗಾಗಿ ಸಾರ್ವಜನಿಕ ಪ್ರತಿಭಟನೆ, ಪ್ರತಿ-ಪ್ರತಿಭಟನೆ ಎರಡೂ ಸೇರಿ ಮೊಟ್ಟೆಯನ್ನು ರುಚಿಯ ಸಾಲಿನಿಂದ ಧರ್ಮದ ಸಾಲಿಗೆ ತಳ್ಳುತ್ತವೆ. ಹತ್ತು ವರ್ಷದ ಹಿಂದೆ ಅದರ ಬಗ್ಗೆ ತಲೆಕೆಡಿಸಿಕೊಳ್ಳದಿದ್ದ ಮನೆಗೂ ಈಗ ಒಂದು ನಿಲುವು ಬೇಕಾಗುತ್ತದೆ.

ಹೇಳುವುದೊಂದು, ತಿನ್ನುವುದೊಂದು

ಕರ್ನಾಟಕದಲ್ಲಿ ಸಸ್ಯಾಹಾರಿಗಳು ಎಷ್ಟು? ರಿಜಿಸ್ಟ್ರಾರ್ ಜನರಲ್ ಕಚೇರಿಯ 2014ರ ಸಮೀಕ್ಷೆಯಲ್ಲಿ 15 ವರ್ಷ ದಾಟಿದವರಲ್ಲಿ ಸುಮಾರು ಶೇ 21. ಇಡೀ ದೇಶದಲ್ಲಿ ತಮ್ಮನ್ನು ಸಸ್ಯಾಹಾರಿ ಎಂದುಕೊಳ್ಳುವ ವಯಸ್ಕರು ಶೇ 39 ಎಂದು ಪ್ಯೂ ಸಂಶೋಧನಾ ಕೇಂದ್ರ 2021ರಲ್ಲಿ ಹೇಳಿತು. ಸಂಶೋಧಕರಾದ ಬಾಲಮುರಳಿ ನಟರಾಜನ್ ಮತ್ತು ಸೂರಜ್ ಜೇಕಬ್ 2018ರಲ್ಲಿ ಸರ್ಕಾರದ ಸಮೀಕ್ಷೆಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಅಂಕಿಗಳು ಒಂದಕ್ಕೊಂದು ಹೊಂದಲಿಲ್ಲ. ಮಾಂಸ ತಿನ್ನುವುದನ್ನು ಜನ ಕಡಿಮೆ ಹೇಳಿಕೊಳ್ಳುತ್ತಾರೆ, ಸಸ್ಯಾಹಾರವನ್ನು ಹೆಚ್ಚು ಹೇಳಿಕೊಳ್ಳುತ್ತಾರೆ, ನಿಜವಾದ ಪ್ರಮಾಣ ಶೇ 20ರ ಆಸುಪಾಸು ಇರಬಹುದು ಎಂಬುದು ಅವರ ತರ್ಕ.

ಜನ ಸುಳ್ಳು ಹೇಳುತ್ತಾರೆ ಎಂದು ಇದನ್ನು ಅರ್ಥಮಾಡಿಕೊಂಡರೆ ತಪ್ಪಾಗುತ್ತದೆ. ಸೋಮವಾರ ತಿನ್ನದವರು, ಶ್ರಾವಣದಲ್ಲಿ ಬಿಟ್ಟವರು, ಮನೆಯಲ್ಲಿ ಮಾಡದೆ ಹೊರಗೆ ತಿನ್ನುವವರು, ಕೇಕ್ ತಿಂದು ಆಮ್ಲೆಟ್ ಬೇಡ ಎನ್ನುವವರು, ಹೀಗೆ ನಮ್ಮ ಊಟದ ನಿಯಮಗಳಲ್ಲಿ ನೂರೆಂಟು ಒಳದಾರಿಗಳಿವೆ. ಸಮೀಕ್ಷೆಗೆ ಬಂದವರ ಪ್ರಶ್ನೆ ಏನು ತಿನ್ನುತ್ತೀರಿ ಎಂದಿದ್ದರೂ ಕಿವಿಗೆ ಕೇಳುವುದು ನೀವು ಯಾರು ಎಂದು. ಉತ್ತರವೂ ಅದಕ್ಕೇ ಬರುತ್ತದೆ.

ಇದರ ಪರಿಣಾಮ ಊರಿನ ಸಭೆಯಲ್ಲಿ ಕಾಣುತ್ತದೆ. ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಮದ್ಯಪಾನದ ಬಗ್ಗೆ 1993ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದಿದೆ. ಒಬ್ಬೊಬ್ಬರನ್ನೇ ಕೇಳಿದಾಗ ವಿದ್ಯಾರ್ಥಿಗಳಿಗೆ ಅಲ್ಲಿನ ಕುಡಿತ ಇರಿಸುಮುರಿಸು. ಆದರೆ ಉಳಿದವರಿಗೆಲ್ಲ ಅದು ಸರಿಯಾಗಿಯೇ ಕಾಣುತ್ತಿದೆ ಎಂದು ಪ್ರತಿಯೊಬ್ಬರೂ ಭಾವಿಸಿದ್ದರು. ಎಲ್ಲರೂ ಸುಮ್ಮನಿದ್ದರು, ಆ ಮೌನವನ್ನೇ ಎಲ್ಲರೂ ಒಪ್ಪಿಗೆ ಎಂದು ಓದಿಕೊಂಡರು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಗುಡಿಯ ಧರ್ಮದರ್ಶಿ, ಊರಿನ ಯಜಮಾನರು ಮುಂದೆ ಕೂತಿರುವಾಗ ಮೊಟ್ಟೆ ಬೇಡ ಎನ್ನುವವರು ಕೈ ಎತ್ತಿ ಎಂದರೆ ಎತ್ತಿದ ಕೈಗಳನ್ನು ಎಣಿಸಿ ಊರಿನ ಮನಸ್ಸು ಇದೇ ಎನ್ನಲಾಗದು. ಮಗುವಿಗೆ ಮೊಟ್ಟೆ ಸಿಗಲಿ ಎಂದು ಒಳಗೊಳಗೇ ಬಯಸುವ ತಾಯಿಯೊಬ್ಬಳು ತಾನೊಬ್ಬಳೇ ಹಾಗೆ ಎಂದುಕೊಂಡು ಸುಮ್ಮನಿರಬಹುದು. ಪಕ್ಕದಲ್ಲಿ ಕೂತವಳೂ ಹಾಗೆಯೇ ಎಂದುಕೊಂಡಿರಬಹುದು. ಇದಕ್ಕೆ ವಿರುದ್ಧವಾದ ಮೌನವೂ ಸಾಧ್ಯ: ಮೊಟ್ಟೆಯ ಪರ ಜೋರು ದನಿ ಇರುವ ಊರಿನಲ್ಲಿ ಬೇಡ ಎನ್ನಲು ಹಿಂಜರಿಯುವ ಮನೆಗಳು.

ಕೈ ಎತ್ತಿದ ಮಗು

ಮಧ್ಯಾಹ್ನದ ಹೊತ್ತು ಶಾಲೆಯ ಜಗಲಿಯಲ್ಲಿ ಏನು ನಡೆಯುತ್ತದೆ ನೋಡಿ. ಬೆಳಿಗ್ಗೆ ಹಾಜರಿ ಕರೆಯುವಾಗಲೇ ಶಿಕ್ಷಕರು ಇಂದು ಮೊಟ್ಟೆ ಎಷ್ಟು, ಬಾಳೆಹಣ್ಣು ಎಷ್ಟು ಎಂದು ಕೇಳಿ ಬರೆದುಕೊಳ್ಳಬೇಕು, ಅಡುಗೆಯವರಿಗೆ ಆ ಲೆಕ್ಕ ಹೋಗಬೇಕು. ಮೊಟ್ಟೆಗೆ ಬೇರೆಯೇ ಪಾತ್ರೆ. ಬಡಿಸುವಾಗ ಎರಡು ಬುಟ್ಟಿ ಸಾಲಿನ ಮುಂದೆ ಸಾಗುತ್ತವೆ. ಅನ್ನ-ಸಾರು ಎಲ್ಲರಿಗೂ ಒಂದೇ, ಕೊನೆಗೆ ಬರುವ ಆ ಒಂದು ಬಿಳಿಯ ಉಂಡೆ ಅಥವಾ ಹಳದಿ ಹಣ್ಣು ಮಗುವಿನ ಮನೆತನವನ್ನು ಮೂವತ್ತು ಕಣ್ಣುಗಳ ಮುಂದೆ ಸಾರಿ ಹೇಳುತ್ತದೆ. ಯಾರೂ ಜಾತಿ ಕೇಳಿಲ್ಲ, ಆದರೂ ಎಲ್ಲರಿಗೂ ಗೊತ್ತಾಗಿದೆ.

ಇದು ಹಗುರವಾದ ವಿಷಯವಲ್ಲ. ಅರ್ಥಶಾಸ್ತ್ರಜ್ಞರಾದ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಉತ್ತರ ಪ್ರದೇಶದ ಹಳ್ಳಿಗಳ ಶಾಲಾ ಹುಡುಗರಿಗೆ ಕಾಗದದ ಮೇಲಿನ ಚಕ್ರವ್ಯೂಹದಂತಹ ಒಗಟುಗಳನ್ನು ಬಿಡಿಸಲು ಕೊಟ್ಟರು. ಮೇಲ್ಜಾತಿಯ 321, ಕೆಳಜಾತಿಯ 321 ಹುಡುಗರು. ಜಾತಿಯ ಮಾತೇ ಎತ್ತದಿದ್ದಾಗ ಎರಡೂ ಗುಂಪು ಸಮಸಮ. ಎಲ್ಲರೂ ಒಟ್ಟಿಗೆ ಕೂತಿರುವಾಗ ಹುಡುಗರ ಹೆಸರಿನೊಂದಿಗೆ ಜಾತಿಯನ್ನೂ ಕೂಗಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಸಾಧನೆ ಗಣನೀಯವಾಗಿ ಕುಸಿಯಿತು. ಬದಲಾದದ್ದು ಬುದ್ಧಿಯಲ್ಲ, ಗುರುತು ಬಯಲಾದದ್ದಷ್ಟೇ. ಮೊಟ್ಟೆಯ ಆಯ್ಕೆಯಿಂದಲೂ ಇದೇ ಪರಿಣಾಮವಾಗುತ್ತದೆ ಎಂದು ಈ ಪ್ರಯೋಗ ಹೇಳುವುದಿಲ್ಲ. ತರಗತಿಯಲ್ಲಿ ಗುರುತನ್ನು ದಿನವೂ ಬಯಲಿಗೆಳೆಯುವ ಯಾವುದೇ ಪದ್ಧತಿಯ ಬಗ್ಗೆ ಎಚ್ಚರವಿರಬೇಕು ಎನ್ನಲು ಮಾತ್ರ ಅದು ಸಾಕು.

ಈ ಬಯಲಾಗುವಿಕೆ ಎರಡೂ ಕಡೆ ತಿವಿಯುತ್ತದೆ. ಬಾಳೆಹಣ್ಣು ಹಿಡಿದ ಮಗುವನ್ನು ಪುಳಿಚಾರು ಎಂದು ಗೇಲಿ ಮಾಡುವ ಸಾಲುಗಳೂ ಇವೆ, ಮೊಟ್ಟೆ ಹಿಡಿದ ಮಗುವಿನಿಂದ ಒಂದು ಗೇಣು ದೂರ ಸರಿಯುವ ಸಾಲುಗಳೂ ಇವೆ. ಮೊಟ್ಟೆಯ ಜಗಳದ ಅಡಿಯಲ್ಲಿ ಇನ್ನೂ ಹಳೆಯದೊಂದು ಜಗಳ ಮಲಗಿದೆ ಎಂಬುದನ್ನೂ ಮರೆಯುವಂತಿಲ್ಲ. ಆಲಕೆರೆಗೆ ಒಂದು ತಿಂಗಳು ಮೊದಲು, ಅಡುಗೆಯವರು ದಲಿತ ಮಹಿಳೆ ಎಂಬ ಕಾರಣಕ್ಕೆ ಚಾಮರಾಜನಗರ ಜಿಲ್ಲೆಯ ಶಾಲೆಯೊಂದರಿಂದ ಪೋಷಕರು ಮಕ್ಕಳನ್ನು ಬಿಡಿಸಿದರೆಂದು ವರದಿಯಾಯಿತು. ಅಧಿಕಾರಿಗಳು ಬೇರೆ ಕಾರಣ ಮುಂದಿಟ್ಟರು. ಆ ಅಡುಗೆಮನೆಯ ಸುದ್ದಿಯಲ್ಲಿ ಮೊಟ್ಟೆಯ ಹೆಸರೇ ಇರಲಿಲ್ಲ.

ಯಾರ ವಾದ ಎಷ್ಟು ಗಟ್ಟಿ?

ಮೊಟ್ಟೆ ಬೇಡ ಎನ್ನುವವರ ವಾದಗಳಲ್ಲಿ ಎರಡನ್ನು ಗಂಭೀರವಾಗಿ ತೆಗೆದುಕೊಳ್ಳಬೇಕು. ಮೊದಲನೆಯದು, ಪಕ್ಕದವರು ತಿನ್ನುವುದನ್ನು ನೋಡಿ ನಮ್ಮ ಮಕ್ಕಳೂ ತಿನ್ನತೊಡಗುತ್ತಾರೆ ಎಂಬ ಆತಂಕ. ಇದು ಬರೀ ಭ್ರಮೆಯಲ್ಲ. ಮನೋವಿಜ್ಞಾನಿ ಲಿಯಾನ್ ಬರ್ಚ್ 1980ರಲ್ಲಿ ಪುಟ್ಟ ಮಕ್ಕಳನ್ನು, ಅವರಿಗೆ ಇಷ್ಟವಿಲ್ಲದ ತರಕಾರಿಯನ್ನು ಇಷ್ಟಪಟ್ಟು ತಿನ್ನುವ ಓರಗೆಯವರ ನಡುವೆ ಕೂರಿಸಿದರು. ಕೆಲವೇ ದಿನಗಳಲ್ಲಿ ಆ ಮಕ್ಕಳೂ ಅದೇ ತರಕಾರಿ ಕೇಳತೊಡಗಿದರು. ಮನೆಯವರ ಮಾತಿಗಿಂತ ಪಕ್ಕದ ಮಗುವಿನ ಬಾಯಿ ಪ್ರಭಾವಶಾಲಿ ಎಂಬುದು ತಾಯಂದಿರಿಗೆ ಗೊತ್ತಿರುವ ವಿಷಯವೇ. ಆದ್ದರಿಂದ ಹಾಗೆ ಆಗುವುದೇ ಇಲ್ಲ ಎಂದು ಇಲಾಖೆ ಭರವಸೆ ಕೊಡುವುದಕ್ಕಿಂತ ಕೆಲವು ಮಕ್ಕಳು ಬದಲಾಗಬಹುದು ಎಂದು ಒಪ್ಪುವುದು ಪ್ರಾಮಾಣಿಕ.

ಎರಡನೆಯದು ಪಂಕ್ತಿಭೇದದ ವಾದ: ಒಂದೇ ಸಾಲಿನಲ್ಲಿ ಎರಡು ಬಗೆಯ ಊಟ ಬಡಿಸಿದರೆ ಭೇದ ಬೆಳೆಯುತ್ತದೆ. ಹಿಂದಿನ ವಿಭಾಗದ ಪ್ರಯೋಗಗಳನ್ನು ನೋಡಿದರೆ ಇದರಲ್ಲೂ ಹುರುಳಿದೆ. ಆದರೆ ಈ ವಾದ ಯಾವಾಗಲೂ ಒಂದೇ ಕಡೆಗೆ ಹರಿಯುತ್ತದೆ, ಸಾಲು ಒಂದಾಗಬೇಕಾದರೆ ಮೊಟ್ಟೆ ತಿನ್ನುವವರೇ ಬಿಡಬೇಕು ಎಂದು. ರಾಜ್ಯದ ಶಿಕ್ಷಣ ನೀತಿಗಾಗಿ 2022ರಲ್ಲಿ ಸಿದ್ಧವಾದ ಸಮಿತಿಯೊಂದರ ವರದಿ ಮೊಟ್ಟೆಯಿಂದ ಕೊಬ್ಬು, ಹಾರ್ಮೋನ್ ಏರುಪೇರು ಎಂದೂ ಸೇರಿಸಿದಾಗ ಪೌಷ್ಟಿಕ ತಜ್ಞರು ಸಿಟ್ಟಿಗೆದ್ದದ್ದು ಸಹಜ. ತೂಕವೇ ಸಾಲದ ಮಕ್ಕಳಿಗೆ ಕೊಬ್ಬಿನ ಭಯ ಹುಟ್ಟಿಸುವುದು ಅಸಂಬದ್ಧ.

ಮೊಟ್ಟೆ ಬೇಕು ಎನ್ನುವವರೂ ಒಂದು ಕಡೆ ಎಡವುತ್ತಾರೆ. ವಿರೋಧವನ್ನೆಲ್ಲ ಅಜ್ಞಾನ ಎಂದು ಕರೆದು ಆದೇಶದ ಬಲದಿಂದ ದಾಟಲು ನೋಡುತ್ತಾರೆ. ತನ್ನ ಆಯ್ಕೆಯನ್ನು ಯಾರೋ ಕಸಿಯುತ್ತಿದ್ದಾರೆ ಎನಿಸಿದ ಮನುಷ್ಯ ಆ ಆಯ್ಕೆಗೆ ಮೊದಲಿಗಿಂತ ಗಟ್ಟಿಯಾಗಿ ಜೋತುಬೀಳುತ್ತಾನೆ ಎಂದು ಮನೋವಿಜ್ಞಾನಿ ಜ್ಯಾಕ್ ಬ್ರೆಹ್ಮ್ 1966ರಲ್ಲೇ ವಿವರಿಸಿದ್ದರು. ಟಿಸಿ ಕೊಡಿ ಎಂಬ ಕೂಗಿನಲ್ಲಿ ಆ ಹಟದ ಪಾಲೂ ಇದೆ.

ಮುಂದೆ ಏನಾಗಬಹುದು

ಮನೆಗೆ ಮೊಟ್ಟೆ ಕೊಡುವ ದಾರಿ ಮೇಲ್ನೋಟಕ್ಕೆ ಎಲ್ಲರಿಗೂ ಒಪ್ಪಿತ. ಛತ್ತೀಸಗಢ ಸರ್ಕಾರ 2019ರಲ್ಲಿ ಇಂಥದ್ದೇ ವಿರೋಧ ಬಂದಾಗ, ಒಮ್ಮತವಿಲ್ಲದ ಊರುಗಳಲ್ಲಿ ಮನೆಗೇ ತಲುಪಿಸುತ್ತೇವೆ ಎಂದಿತ್ತು. ತೊಡಕು ಇರುವುದು ಮನೆಯೊಳಗೆ. ಶಾಲೆಯಲ್ಲಿ ಕೊಟ್ಟ ಮೊಟ್ಟೆ ಶಾಲೆಯ ಮಗುವಿನ ಹೊಟ್ಟೆಗೇ ಹೋಗುತ್ತದೆ. ಮನೆಗೆ ಹೋದ ಮೊಟ್ಟೆ ಎಲ್ಲರ ಸಾರಿಗೆ ಬೀಳುತ್ತದೆ, ಮೊದಲ ಪಾಲು ದುಡಿದು ಬಂದ ಗಂಡಸಿಗೆ, ನಂತರ ಗಂಡುಮಗುವಿಗೆ, ಉಳಿದರೆ ಹುಡುಗಿಗೆ. ಯಾದಗಿರಿಯಲ್ಲಿ ಹೆಚ್ಚು ತೂಕ ಗಳಿಸಿದವರು ಹುಡುಗಿಯರು ಎಂಬುದನ್ನು ಇಲ್ಲಿ ನೆನೆಯಬೇಕು. ಇದಕ್ಕಿಂತ ದೊಡ್ಡ ಮಾತೆಂದರೆ, ಗುಡಿಯ ಪಕ್ಕ ಎಂಬ ಕಾರಣ ಒಂದು ಊರಿನಲ್ಲಿ ಗೆದ್ದರೆ ಮುಂದಿನ ಊರಿಗೂ ಅದು ಸಾಕು. ಗುಡಿ ಹತ್ತಿರವಿಲ್ಲದ ಶಾಲೆ ಕರ್ನಾಟಕದ ಹಳ್ಳಿಗಳಲ್ಲಿ ಎಷ್ಟಿವೆ?

ಟಿಸಿಯ ದಾರಿಯ ಪರಿಣಾಮ ಇನ್ನೂ ಕಟುವಾದದ್ದು. ಬೇರೆ ಶಾಲೆಗೆ ಕಳುಹಿಸುವ ಶಕ್ತಿ ಇರುವವರು ಹೋಗುತ್ತಾರೆ, ಇಲ್ಲದವರು ಉಳಿಯುತ್ತಾರೆ. ದಾಖಲಾತಿ ಕುಸಿದರೆ ಶಿಕ್ಷಕರ ಹುದ್ದೆ ವರ್ಗವಾಗುತ್ತದೆ, ಆಮೇಲೆ ಶಾಲೆಯೇ ಪಕ್ಕದೂರಿನ ಶಾಲೆಯೊಂದಿಗೆ ವಿಲೀನ. ಮೊಟ್ಟೆ ಬೇಕು ಎಂದ ಮನೆಯ ಮಗುವಿಗೆ ಕೊನೆಗೆ ಮೊಟ್ಟೆಯೂ ಇಲ್ಲ, ಊರಿನಲ್ಲಿ ಶಾಲೆಯೂ ಇಲ್ಲ.

ಉತ್ತರ ಪ್ರದೇಶದಲ್ಲಿ ಮ್ಯಾಟ್ ಲೋ ಎಂಬ ಅರ್ಥಶಾಸ್ತ್ರಜ್ಞ ಬೇರೆ ಬೇರೆ ಜಾತಿಯ ಯುವಕರನ್ನು ಕ್ರಿಕೆಟ್ ಟೂರ್ನಿಯಲ್ಲಿ ಆಡಿಸಿ ನೋಡಿದರು. ಒಂದೇ ತಂಡದಲ್ಲಿ ಆಡಿದವರ ನಡುವೆ ಜಾತಿ ದಾಟಿದ ಗೆಳೆತನ ಹೆಚ್ಚಿತು. ಎದುರಾಳಿಗಳಾಗಿ ಆಡಿದವರಲ್ಲಿ ಪರಿಣಾಮ ತಿರುಗುಮುರುಗಾಯಿತು. ಬೆರೆಯುವುದಷ್ಟೇ ಸಾಲದು, ಹೇಗೆ ಬೆರೆಯುತ್ತಾರೆ ಎಂಬುದು ಮುಖ್ಯ. ಬಿಸಿಯೂಟದ ಸಾಲು ದಿನಕ್ಕೊಮ್ಮೆ ಲಕ್ಷಾಂತರ ಮಕ್ಕಳನ್ನು ಒಟ್ಟಿಗೆ ಕೂರಿಸುತ್ತದೆ. ಅಲ್ಲಿ ಮಕ್ಕಳು ಒಂದು ತಂಡವಾಗಿ ಕೂರುತ್ತಾರೋ ಎರಡು ಪಕ್ಷವಾಗಿ ಕೂರುತ್ತಾರೋ ಎಂಬುದು ಬಡಿಸುವ ರೀತಿಯ ಮೇಲೆ ನಿಂತಿದೆ. ಇಲ್ಲಿ ಇಲಾಖೆ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ. ಆಯ್ಕೆಯನ್ನು ದಿನವೂ ಕೈ ಎತ್ತಿಸಿ ಕೇಳುವ ಬದಲು ವರ್ಷದ ಆರಂಭದಲ್ಲಿ ಪೋಷಕರಿಂದ ಮುಚ್ಚಿದ ಚೀಟಿಯಲ್ಲಿ ಪಡೆಯುವುದು. ಊರಿನ ಅಭಿಪ್ರಾಯ ಬೇಕಾದಾಗಲೂ ಸಭೆಯ ಗದ್ದಲದ ಬದಲು ಅದೇ ಚೀಟಿ. ಮೊಟ್ಟೆಗೆ ಬೇರೆ ಪಾತ್ರೆ ಕಡ್ಡಾಯ ಮಾಡಿ ಅದನ್ನು ಪೋಷಕರಿಗೆ ತೋರಿಸುವುದು. ಬಾಳೆಹಣ್ಣು ತೆಗೆದುಕೊಂಡವರೂ ಮೊಟ್ಟೆ ತೆಗೆದುಕೊಂಡವರೂ ಬೆರೆತು ಕೂರುವಂತೆ ನೋಡಿಕೊಳ್ಳುವುದು.

ಹಣದ ಪ್ರಶ್ನೆ ಬಾಕಿ ಇದೆ. ಒಂದು ಮೊಟ್ಟೆಗೆ ನಿಗದಿಯಾದ 6 ರೂಪಾಯಿಯಲ್ಲೇ ಮೊಟ್ಟೆ, ಸಾಗಣೆ, ಉರುವಲು, ಸುಲಿಯುವ ಕೂಲಿ ಎಲ್ಲ ಮುಗಿಯಬೇಕು. ಪೇಟೆಯಲ್ಲಿ ದರ ಏರಿದ ವಾರ ಮುಖ್ಯ ಶಿಕ್ಷಕರು ಕೈಯಿಂದ ಹಾಕುತ್ತಾರೆ, ಇಲ್ಲವೇ ಸದ್ದಿಲ್ಲದೆ ಬಾಳೆಹಣ್ಣು ಬರುತ್ತದೆ. ಮಹಾರಾಷ್ಟ್ರ 2023ರಲ್ಲಿ ಆರಂಭಿಸಿದ ಮೊಟ್ಟೆಗೆ 2025ರ ಜನವರಿಯಲ್ಲಿ ಅನುದಾನ ನಿಲ್ಲಿಸಿತು. ನಮ್ಮಲ್ಲಿ ವಾರದ ಆರು ಮೊಟ್ಟೆಗಳಲ್ಲಿ ನಾಲ್ಕರ ಖರ್ಚು ಫೌಂಡೇಶನ್‌ನದು, ಮೂರು ವರ್ಷದ ಆ ಒಪ್ಪಂದ 2027ಕ್ಕೆ ಮುಗಿಯುತ್ತದೆ. ಆ ನಾಲ್ಕನ್ನು ಖಜಾನೆಯಿಂದ ಕೊಡಬೇಕೆಂದು ಸದನದಲ್ಲಿ ಕೇಳುವ ಶಾಸಕರು ಎಷ್ಟು ಮಂದಿ ಇರುತ್ತಾರೆ ಎಂಬುದು, ಅಲ್ಲಿಯವರೆಗೆ ಎಷ್ಟು ಊರುಗಳಲ್ಲಿ ಟಿಸಿಯ ಸಾಲು ನಿಂತಿರುತ್ತದೆ ಎಂಬುದರ ಮೇಲೆ ಅವಲಂಬಿಸಿದೆ.